ಕಣ ಹೋಯಿತು, ಆಟ ಉಳಿಯಲಿ

ಯಲಿಯೂರಿನ ಕಡೆಯ ಅಜ್ಜಂದಿರಿಗೆ ಕ್ರೀಡಾಂಗಣವೆಂದರೆ ಕಣ. ಸುಗ್ಗಿ ಮುಗಿದರೆ ಆ ಸಗಣಿ ಸಾರಿಸಿದ ಗಟ್ಟಿ ನೆಲ ಮಕ್ಕಳದು. 13 ಮೀಟರ್ ಉದ್ದ, 10 ಮೀಟರ್ ಅಗಲವಿದ್ದರೆ ಕಬಡ್ಡಿಗೆ ಸಾಕು. ಉಳಿದದ್ದು ಉಸಿರಿನ ಕೆಲಸ. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟದ್ದು ಇದೇ ಆಟ.

ಈಗ ಒಕ್ಕಣೆಗೆ ಯಂತ್ರ ಬಂದಿದೆ. ಇಲ್ಲವೇ ಡಾಂಬರು ರಸ್ತೆಯೇ ಕಣ. ಹಳೆಯ ಕಣಗಳಲ್ಲಿ ಮನೆಗಳೆದ್ದಿವೆ. ಮಕ್ಕಳ ಆಟ ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ.

ರೈಲಿನಲ್ಲಿ ಒಂದು ನಿಲ್ದಾಣ ದಾಟಿದರೆ ಮಂಡ್ಯ. ಅಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣವಿದೆ. ಆದರೆ ಹತ್ತು ವರ್ಷದ ಮಗಳನ್ನು ದಿನವೂ ಅಲ್ಲಿಗೆ ಕಳಿಸುವ ತಾಯಿ ಯಾರು? ಊಟಕ್ಕೆ ಕೂಗಿದರೆ ಕೇಳಿಸುವಷ್ಟು ಹತ್ತಿರದ ಬಯಲು ಆ ಮಗುವಿಗೆ ಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ ಇರಬೇಕೆನ್ನುತ್ತದೆ. ಮೈದಾನವಿದ್ದೂ ಸಂಜೆ ಗೇಟಿಗೆ ಬೀಗ ಬಿದ್ದರೆ ಏನು ಫಲ? ದಿನಕ್ಕಿಬ್ಬರು ಪೋಷಕರು ಸರದಿಯಂತೆ ಬಂದು ನೋಡಿಕೊಳ್ಳಲಿ, ಬೀಗ ತೆರೆಯಲಿ.

‘ಆಡಿದರೆ ಓದು ಕೆಟ್ಟೀತು’ ಎಂಬ ಭಯ ಬೇಡ. ಓಡಿ ದಣಿದ ಮಗು ಚೆನ್ನಾಗಿ ನಿದ್ರಿಸುತ್ತದೆ. ಹಗಲು ಕಲಿತ ಪಾಠವನ್ನು ಮೆದುಳು ಭದ್ರಪಡಿಸಿಕೊಳ್ಳುವುದು ಆ ನಿದ್ರೆಯಲ್ಲೇ.