ಇಂಜಿನಿಯರಿಂಗ್ ಜೊತೆಗೆ ಇನ್ನೊಂದು ಓದು

ಇದೇ ಕಾಲೇಜಿನಲ್ಲಿ ಪಿಸಿಎಂಸಿ ಓದಿ, ಸಿಇಟಿ ಬರೆದು, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ವಿಭಾಗ ಸೇರಿದವಳು ನಾನು. ಈಗ ಆರನೇ ಸೆಮಿಸ್ಟರ್. ನಮ್ಮ ಕನ್ನಡ ಮೇಡಂ ಸಂಚಿಕೆಗೆ ಬರೆಯಲು ಹೇಳಿದಾಗ, ಊರಿಗೆ ಬಂದಾಗಲೆಲ್ಲ ಜೂನಿಯರ್‌ಗಳು ಕೇಳುವ ಪ್ರಶ್ನೆಗೇ ಉತ್ತರಿಸೋಣ ಎನಿಸಿತು: "ಅಕ್ಕಾ, ಇಂಜಿನಿಯರಿಂಗೇ ಕಷ್ಟ ಅಂತಾರೆ. ಅದರ ಜೊತೆ ಭಾಷಾವಿಜ್ಞಾನ, ಅರ್ಥಶಾಸ್ತ್ರ ಯಾಕೆ?"

ಮೊದಲು ಲೆಕ್ಕ ಹೇಳುತ್ತೇನೆ. ನಾಲ್ಕು ವರ್ಷದ ಬಿ.ಇ. ಪದವಿಗೆ ಸುಮಾರು 160 ಕ್ರೆಡಿಟ್. ವಾರಕ್ಕೆ ಒಂದು ಗಂಟೆಯ ಪಾಠ ಇಡೀ ಸೆಮಿಸ್ಟರ್ ನಡೆದರೆ ಒಂದು ಕ್ರೆಡಿಟ್. ಲ್ಯಾಬ್ ಆದರೆ ಎರಡು ಗಂಟೆಗೆ ಒಂದು. ಎಐಸಿಟಿಇ ಹೇಳಿದಂತೆ, ಇದಕ್ಕೆ ಹೆಚ್ಚುವರಿಯಾಗಿ ಬೇರೊಂದು ಕ್ಷೇತ್ರದಲ್ಲಿ 18ರಿಂದ 20 ಕ್ರೆಡಿಟ್ ಗಳಿಸಿದರೆ ಅದು 'ಮೈನರ್'. ಅಂದರೆ ತಲಾ ಮೂರು ಕ್ರೆಡಿಟ್‌ನ ಆರು ಪೇಪರ್. ನಾನು ಮೂರನೇ ಸೆಮಿಸ್ಟರ್‌ನಿಂದ ಎರಡು ಮೈನರ್ ಹಿಡಿದೆ.

ಭಾಷಾವಿಜ್ಞಾನ ಆರಿಸಲು ಕಾರಣ ನಮ್ಮ ಮನೆಯ ಮಾತು. ನಾವು ಆಡುವುದು ದಖನಿ. ಶಾಲೆಯಲ್ಲಿದ್ದಾಗ ಅದನ್ನು 'ಕೆಟ್ಟ ಉರ್ದು' ಎನ್ನುತ್ತಿದ್ದರು. ನಾನೂ ಹೊರಗಿನವರ ಮುಂದೆ ಆಡಲು ನಾಚುತ್ತಿದ್ದೆ. ಎರಡನೇ ಪೇಪರ್‌ನಲ್ಲಿ ಪಾಠ ಮಾಡಿದವರು ಬೋರ್ಡಿನ ಮೇಲೆ ಬರೆದ ವಾಕ್ಯ "ಆತುಂ ಬೋಲ್ಕೆ ಬೋಲ್ಯಾ." ಅದರ ಕೆಳಗೆ, "ಬರ್ತೀನಿ ಅಂತ ಹೇಳಿದ." ಪದಗಳು ಉರ್ದುವಿನ ಬಂಧುಗಳು, ಆದರೆ ಕಟ್ಟಡ ಕನ್ನಡದ್ದು, ತೆಲುಗಿನದ್ದು. ನಮ್ಮ 'ಅಂತ' ಮಾಡುವ ಕೆಲಸವನ್ನೇ ಅಲ್ಲಿ 'ಬೋಲ್ಕೆ' ಮಾಡುತ್ತದೆ. 'ಕಲಂ' ಎನ್ನುವಲ್ಲಿ ಅಮ್ಮಿ 'ಖಲಂ' ಎನ್ನುವುದೂ ತಪ್ಪಲ್ಲ, ದಖನಿಯ ನಿಯಮ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಷಾ 'ಕಿತಾಬ್-ಎ-ನವ್‌ರಸ್' ಬರೆದದ್ದು ಇದೇ ದಖನಿಯಲ್ಲಿ. ಆ ದಿನ ಸಂಜೆ ಅಮ್ಮಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಹೌ ಕ್ಯಾ?" ಎಂದು ನಕ್ಕರು.

ಈ ಓದು ಇಂಜಿನಿಯರಿಂಗ್‌ಗೆ ಉಪಯೋಗಕ್ಕೆ ಬಂತಾ? ಸ್ವಲ್ಪ ಬಂತು. ಹಳೆಯ ಫೋನ್ ವ್ಯವಸ್ಥೆ 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತದೆ, ಸೆಕೆಂಡಿಗೆ 8000 ಸ್ಯಾಂಪಲ್ ತೆಗೆಯುತ್ತದೆ. 'ಸ' ಶಬ್ದದ ಹೆಚ್ಚಿನ ಶಕ್ತಿ ಇರುವುದು ಅದಕ್ಕಿಂತ ಮೇಲಿನ ಆವರ್ತನಗಳಲ್ಲಿ. ಅದಕ್ಕೇ ಫೋನಿನಲ್ಲಿ ಇಂಗ್ಲಿಷಿನ 'ಎಸ್' ಮತ್ತು 'ಎಫ್' ಒಂದೇ ಥರ ಕೇಳಿಸುವುದು. ಲ್ಯಾಬಿನಲ್ಲಿ ಸೂತ್ರವಾಗಿದ್ದದ್ದು ಬಾಯಿಯೊಳಗಿನ ನಾಲಿಗೆಯ ಜಾಗ ಗೊತ್ತಿದ್ದುದರಿಂದ ನನಗೆ ಬೇಗ ಹಿಡಿಸಿತು. ಆದರೆ ಅರ್ಥಶಾಸ್ತ್ರದ ಬೇಡಿಕೆ-ಪೂರೈಕೆ ಯಾವ ಸರ್ಕ್ಯೂಟನ್ನೂ ಬಿಡಿಸಿಕೊಡಲಿಲ್ಲ. ಎಲ್ಲ ಓದೂ ಹಾಗೆ ಕೂಡಿಬರಬೇಕೆಂದೇನೂ ಇಲ್ಲ.

ಐದನೇ ಸೆಮಿಸ್ಟರ್‌ನಲ್ಲಿ ಲೆಕ್ಕ ಬಿಗಿಯಾಯಿತು. ವಿಭಾಗದ ಪೇಪರ್‌ಗಳು, ಎರಡು ಲ್ಯಾಬ್, ಮಿನಿ ಪ್ರಾಜೆಕ್ಟ್. ಮೇಲೆ ಎರಡು ಮೈನರ್. ಮೊದಲ ಇಂಟರ್ನಲ್ಸ್‌ನಲ್ಲಿ ಡಿಜಿಟಲ್ ಕಮ್ಯುನಿಕೇಶನ್‌ಗೆ 50ಕ್ಕೆ 21 ಬಂತು. ನನ್ನ ಶುಲ್ಕ ಸ್ಕಾಲರ್‌ಶಿಪ್‌ನಿಂದ ಹೋಗುತ್ತದೆ, ಸಿಜಿಪಿಎ 7.5ಕ್ಕಿಂತ ಇಳಿದರೆ ಅದು ನಿಲ್ಲುತ್ತದೆ. ಅಬ್ಬಾ ನಡೆಸುವುದು ಸಣ್ಣ ಹಾರ್ಡ್‌ವೇರ್ ಅಂಗಡಿ, ನನ್ನ ಹಿಂದೆ ಓದುವ ತಮ್ಮಂದಿರು ಇಬ್ಬರು. ಅಬ್ಬಾಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಓದು ಬಿಡು ಎಂದೂ ಹೇಳಲಿಲ್ಲ. "ಒಬ್ಬಳೇ ಮೂರು ಅಂಗಡಿ ನಡೆಸೋಕಾಗಲ್ಲ ಬೇಟಾ. ಯಾವುದರ ಶಟರ್ ಎಳೀಬೇಕು ಅಂತ ನೀನೇ ನೋಡು" ಎಂದರು.

ಎರಡು ದಿನ ಯೋಚಿಸಿ ಅರ್ಥಶಾಸ್ತ್ರದ ಶಟರ್ ಎಳೆದೆ. ಮುಗಿಸಿದ್ದ ಎರಡು ಪೇಪರ್ ಅಂಕಪಟ್ಟಿಯಲ್ಲಿ ಉಳಿದಿವೆ. ಈಗ ಬಜೆಟ್ ಸುದ್ದಿ ಓದಿದರೆ ವಿತ್ತೀಯ ಕೊರತೆ ಎಂದರೇನು ಎಂದು ತಿಳಿಯುತ್ತದೆ. ಅಷ್ಟು ಸಾಕು. ಆ ಸೆಮಿಸ್ಟರ್ ಮುಗಿದಾಗ ಸಿಜಿಪಿಎ 7.8.

ನನಗೆ ಒಗ್ಗಿದ ಕ್ರಮ ಹೀಗಿದೆ. ಫಜ್ರ್ ನಂತರದ ಒಂದೂವರೆ ಗಂಟೆ ಗಣಿತ ಬೇಡುವ ಪೇಪರ್‌ಗಳಿಗೆ ಮಾತ್ರ. ಲ್ಯಾಬ್ ರೆಕಾರ್ಡ್ ಅದೇ ದಿನ. ಮೈನರ್ ಓದು ಮೆಟ್ರೋದಲ್ಲಿ ಮತ್ತು ಭಾನುವಾರ ಮಧ್ಯಾಹ್ನ. ಹೆಸರು ನೋಂದಾಯಿಸುವ ಮೊದಲೇ ಎರಡೂ ಪರೀಕ್ಷೆಗಳ ದಿನಾಂಕ ಡಿಕ್ಕಿಯಾಗುತ್ತವೆಯೇ ಎಂದು ಕೇಳಿಕೊಳ್ಳುವುದು. ಇದಕ್ಕೆ ಬೆಲೆಯೂ ಇದೆ: ಗೆಳತಿಯರ ಜೊತೆ ಹ್ಯಾಕಥಾನ್‌ಗೆ ಹೋಗಲಾಗಲಿಲ್ಲ, ಮಾಮುವಿನ ಮಗಳ ಮೆಹಂದಿಗೆ ಬರಲಾಗಲಿಲ್ಲ.

ಪಿಯುಸಿಯಲ್ಲಿ ನಮಗೆ ಎರಡು ಭಾಷೆ, ನಾಲ್ಕು ವಿಷಯ. ಭಾಷೆಯ ಪೀರಿಯಡ್‌ನಲ್ಲಿ ಸಿಇಟಿ ಪುಸ್ತಕ ಬಿಚ್ಚುವವರು ನಮ್ಮ ಬ್ಯಾಚ್‌ನಲ್ಲೂ ಇದ್ದರು. ಆ ಒಂದು ಗಂಟೆಯಲ್ಲಿ ಭಾಷೆಯನ್ನೇ ಕೇಳಿ ಎನ್ನುವುದಷ್ಟೇ ನನ್ನ ಮಾತು. ಯಾವ ಪಾಠ ನಿಮ್ಮದಾಗುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲ.

ಇನ್ನೆರಡು ಸೆಮಿಸ್ಟರ್, ಎರಡು ಮೈನರ್ ಪೇಪರ್ ಬಾಕಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ದಖನಿ ಮಾತಿನ ಧ್ವನಿಮುದ್ರಣ ಕೂಡಿಸಬೇಕೆಂದಿದ್ದೇನೆ. ಅಮ್ಮಿ, ಖಾಲಾ ಒಪ್ಪಿದ್ದಾರೆ. ಬೈಯುವಾಗ ಮಾತ್ರ ರೆಕಾರ್ಡ್ ಮಾಡಬಾರದಂತೆ. ನಿಮ್ಮ ಮನೆಯಲ್ಲಿ ದಖನಿ ಆಡುವ ಅಜ್ಜ ಅಜ್ಜಿ ಇದ್ದರೆ, ನಮ್ಮ ಕನ್ನಡ ಮೇಡಂ ಬಳಿ ಹೆಸರು ಕೊಡಿ. ರಜೆಯಲ್ಲಿ ಬಂದು ಕೇಳುತ್ತೇನೆ.