ಪಿನ್ನು ಕೂತರೆ ಸಾಲದು

ಅಮೆರಿಕದಲ್ಲಿರುವ ತಂಗಿ, "ಆರ್‌ವಿ ಬಾಡಿಗೆಗೆ ತಗೊಂಡು ಎಲ್ಲರೂ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗೋಣ" ಎಂದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ: "ರಾತ್ರಿ ಕರೆಂಟ್ ಎಲ್ಲಿಂದ?" ಅಪ್ಪ ಕೆಇಬಿಯಲ್ಲಿ ಮೂವತ್ತು ವರ್ಷ ಲೈನ್‌ಮನ್ ಆಗಿದ್ದವರು. ಆದರೆ ಈ ಪ್ರಶ್ನೆ ಬರೀ ವೃತ್ತಿಯ ಅಭ್ಯಾಸದಿಂದ ಬಂದದ್ದಲ್ಲ. ಅವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆ. ರಾತ್ರಿಯಿಡೀ ಸಿಪ್ಯಾಪ್ ಯಂತ್ರ ನಡೆಯುತ್ತಿರಬೇಕು.

ಆರ್‌ವಿ ಎಂದರೆ ಅಡುಗೆಮನೆ, ಹಾಸಿಗೆ, ಶೌಚಾಲಯ, ಎಸಿ ಎಲ್ಲ ಇರುವ ದೊಡ್ಡ ಗಾಡಿ. ಇಂಥ ಗಾಡಿಗಳಿಗೆಂದೇ ಇರುವ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಪ್ರತಿ ಜಾಗಕ್ಕೂ ಮೊಣಕಾಲೆತ್ತರದ ಒಂದು ಕರೆಂಟ್ ಕಂಬ ಇರುತ್ತದೆ. ಗಾಡಿಯ ದಪ್ಪ ಕೇಬಲ್ ತಂದು ಅದಕ್ಕೆ ಸಿಕ್ಕಿಸಿದರೆ ಮನೆಗೆ ಕರೆಂಟ್ ಬಂದ ಹಾಗೆ. ಕಂಬದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಸಾಕೆಟ್‌ಗಳು: 20 ಆಂಪ್, 30 ಆಂಪ್, 50 ಆಂಪ್. ನಮ್ಮ ಗಾಡಿ 30 ಆಂಪ್‌ನದು. ಕಂಬ ಬೇರೆ ಬಗೆಯದಾದರೆ ಇರಲಿ ಎಂದು ಬಾಡಿಗೆಯವರು ಎರಡು ಅಡಾಪ್ಟರ್ ಕೊಟ್ಟಿದ್ದರು.

ಅಪ್ಪ ಅವೆರಡನ್ನೂ ಕೈಯಲ್ಲಿ ತಿರುಗಿಸಿ ನೋಡಿ, "ಪಿನ್ನು ಕೂರಿಸೋಕೆ ಇದು. ಹಿಂದೆ ಎಷ್ಟು ಕರೆಂಟ್ ಇದೆ ಅಂತ ಇದಕ್ಕೇನು ಗೊತ್ತು?" ಎಂದರು.

ಪುಣೆಯಲ್ಲಿ ಬಾಡಿಗೆ ಮನೆಯಲ್ಲಿರುವ ನಮಗೆ ಈ ಮಾತು ಹೊಸದಲ್ಲ. ಬೆಡ್‌ರೂಮಿನಲ್ಲಿ 16 ಆಂಪ್ ಸಾಕೆಟ್ ಇಲ್ಲವೆಂದು ಅಂಗಡಿಯಿಂದ ಕನ್ವರ್ಷನ್ ಪ್ಲಗ್ ತಂದು, 6 ಆಂಪ್ ಸಾಕೆಟ್ಟಿಗೆ ರೂಮ್ ಹೀಟರ್ ಸಿಕ್ಕಿಸುವವರನ್ನು ಎಲ್ಲರೂ ನೋಡಿದ್ದೇವೆ. ಹೀಟರ್ ಬೆಚ್ಚಗಾಗುತ್ತದೆ, ಜೊತೆಗೆ ಸಾಕೆಟ್ಟೂ ಬೆಚ್ಚಗಾಗುತ್ತದೆ.

ಅಮೆರಿಕದ ಲೆಕ್ಕ ಹೀಗೆ. ಅಲ್ಲಿನ ಮಾಮೂಲಿ ವೋಲ್ಟೇಜ್ 120. 30 ಆಂಪ್ ಸಾಕೆಟ್‌ಗೆ ಮೂರು ಕಂಡಿ. 120ನ್ನು 30ರಿಂದ ಗುಣಿಸಿದರೆ 3,600 ವ್ಯಾಟ್. 50 ಆಂಪ್‌ನದಕ್ಕೆ ನಾಲ್ಕು ಕಂಡಿ. ಅದರಲ್ಲಿ 120 ವೋಲ್ಟಿನ ಎರಡು ಫೇಸ್ ತಂತಿ, ಒಂದೊಂದಕ್ಕೂ 50 ಆಂಪ್. ಒಟ್ಟು 12,000 ವ್ಯಾಟ್, ಅಂದರೆ 30ರದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. 30 ಆಂಪ್ ಗಾಡಿಯನ್ನು ಅಡಾಪ್ಟರ್ ಮೂಲಕ 50ರ ಸಾಕೆಟ್‌ಗೆ ಕೊಟ್ಟರೆ ಆ ಎರಡರಲ್ಲಿ ಒಂದು ತಂತಿ ಮಾತ್ರ ಗಾಡಿಗೆ ಬರುತ್ತದೆ. ವೋಲ್ಟೇಜ್ 120ರಲ್ಲೇ ಇರುತ್ತದೆ. ಹಾಗೆಂದು ಗಾಡಿಯ ಶಕ್ತಿಯೇನೂ ಹೆಚ್ಚುವುದಿಲ್ಲ. ಒಳಗಿನ 30 ಆಂಪ್ ಬ್ರೇಕರ್ ಅಲ್ಲಿಗೇ ತಡೆಯುತ್ತದೆ.

ಇದೆಲ್ಲ ನಿಜವಾಗಿ ಬೇಕಾದದ್ದು ಮೊದಲ ರಾತ್ರಿಯೇ. ಕ್ಯಾಲಿಫೋರ್ನಿಯಾದ ಗಡಿಯಲ್ಲಿ, ಮರುಭೂಮಿಯ ನೀಡಲ್ಸ್ ಊರಿನ ಬಳಿ ತಂಗಿದ್ದೆವು. ಜುಲೈ ತಿಂಗಳು, ಕತ್ತಲಾದ ಮೇಲೂ ಒಲೆಯ ಮುಂದೆ ಕೂತ ಹಾಗಿತ್ತು. ನಮ್ಮ ಕಂಬದ 30 ಆಂಪ್ ಸಾಕೆಟ್‌ನ ಒಂದು ಕಂಡಿಯ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಬೇರೆ ಜಾಗ ಖಾಲಿ ಇರಲಿಲ್ಲ. ಆಫೀಸಿನಲ್ಲಿದ್ದವರು, "ಚಿಕ್ಕ ಅಡಾಪ್ಟರ್ ಹಾಕಿ 20ಕ್ಕೆ ಕೊಡಿ, ಎಲ್ಲರೂ ಹಾಗೇ ಮಾಡ್ತಾರೆ" ಎಂದರು.

ಅಪ್ಪ ಒಪ್ಪಲಿಲ್ಲ. "ಆ ಕಂದು ಕಲೆ ನೋಡ್ಲಾ, ಅಲ್ಲಿ ಲೂಸ್ ಕಾಂಟ್ಯಾಕ್ಟ್ ಆಗಿ ಬಿಸಿಯಾಗಿದೆ. ಅದನ್ನ ಮುಟ್ಟೋದೇ ಬೇಡ." ಇನ್ನು 20 ಆಂಪ್‌ನದು? ನಾನು ಹಾಳೆಯ ಮೇಲೆ ಬರೆದೆ: ಚಾವಣಿ ಎಸಿ ನಡೆಯುವಾಗ ಸುಮಾರು 13 ಆಂಪ್, ಶುರುವಾಗುವ ಕ್ಷಣ ಇನ್ನೂ ಹೆಚ್ಚು, ಮೈಕ್ರೋವೇವ್ ಸುಮಾರು 12, ಜೊತೆಗೆ ಫ್ರಿಜ್ಜು, ಬ್ಯಾಟರಿ ಚಾರ್ಜರ್. ಗಂಟೆಗಟ್ಟಲೆ ನಡೆಯುವ ಲೋಡು ಬ್ರೇಕರ್‌ನ ಶೇ. 80 ದಾಟಬಾರದು ಎಂಬುದು ಅಲ್ಲಿನ ಲೆಕ್ಕ. 20ಕ್ಕೆ ಅದು 16 ಆಂಪ್. ಸಿಪ್ಯಾಪ್ ಒಂದಕ್ಕೇ ಆದರೆ ಧಾರಾಳ ಸಾಕು. ಆದರೆ ಮಧ್ಯರಾತ್ರಿ ಎಸಿಯಿಂದ ಬ್ರೇಕರ್ ಬಿದ್ದರೆ ಸಿಪ್ಯಾಪ್ ಕೂಡ ನಿಲ್ಲುತ್ತದೆ.

ಉಳಿದದ್ದು 50 ಆಂಪ್ ಸಾಕೆಟ್. ಅದು ಹೊಸದಾಗಿತ್ತು. ಒಂದು ತುದಿಗೆ ಪ್ಲಗ್, ಇನ್ನೊಂದು ತುದಿಗೆ ಸಾಕೆಟ್ ಇರುವ, ನಾಯಿಯ ಮೂಳೆಯ ಆಕಾರದ ತುಂಡು ಕೇಬಲನ್ನು ಅಲ್ಲಿ ಡಾಗ್‌ಬೋನ್ ಎನ್ನುತ್ತಾರೆ. ಕಂಬದ ಬ್ರೇಕರ್ ಮೊದಲು ಆಫ್ ಮಾಡಿ, ಡಾಗ್‌ಬೋನ್ ಸಿಕ್ಕಿಸಿ, ಅದಕ್ಕೆ ತಂಗಿಯ ಗಂಡ ಎರವಲು ತಂದಿದ್ದ ಇಎಂಎಸ್ ಜೋಡಿಸಿದೆವು. ಇದು ವೋಲ್ಟೇಜ್, ಅರ್ತ್ ಸರಿಯಿಲ್ಲದಿದ್ದರೆ ಗಾಡಿಗೆ ಕರೆಂಟೇ ಬಿಡದ ಸಾಧನ. ಬ್ರೇಕರ್ ಆನ್ ಮಾಡಿದಾಗ ಪರದೆಯ ಮೇಲೆ 118 ಬಂತು. ಎಸಿ ಹಾಕಿದ ಮೇಲೆ 114.

ಅಪ್ಪನಿಗೆ ಇನ್ನೂ ಒಂದು ಅನುಮಾನವಿತ್ತು. ಕಂಬದಲ್ಲಿರುವುದು 50ರ ಬ್ರೇಕರ್, ನಮ್ಮ ಕೇಬಲ್ 30ರದ್ದು. ಗಾಡಿಯ ಒಳಗಿನ ಲೋಡಿಗೆ ಒಳಗಿನ ಬ್ರೇಕರ್ ಇದೆ, ಕೇಬಲ್ಲಿಗೇ ಏನಾದರೂ ಆದರೆ? ಅದಕ್ಕೆ ಕೇಬಲನ್ನು ಸುರುಳಿ ಬಿಡಿಸಿ ನೆಲದ ಮೇಲೆ ಉದ್ದಕ್ಕೆ ಹಾಸಿದರು. ಗಂಟೆಯ ನಂತರ ಹೋಗಿ ಪ್ಲಗ್‌ಗಳ ಹೊರಮೈ ಮುಟ್ಟಿ ನೋಡಿ ಬಂದರು. ಬಿಸಿಯಿರಲಿಲ್ಲ. ಆಮೇಲೆ ಮಾಸ್ಕ್ ಹಾಕಿಕೊಂಡು ಮಲಗಿದರು. ಬೆಳಗಿನ ತನಕ ಯಂತ್ರ ಒಂದೇ ಸಮ ನಡೆಯಿತು.

ಮರುದಿನ ಗ್ರ್ಯಾಂಡ್ ಕ್ಯಾನ್ಯನ್‌ನ ಟ್ರೇಲರ್ ವಿಲೇಜ್‌ನಲ್ಲಿ 30 ಆಂಪ್ ಸಾಕೆಟ್ಟೇ ಚೆನ್ನಾಗಿತ್ತು. ಅಡಾಪ್ಟರ್ ತೆಗೆಯುವ ಕೆಲಸವೇ ಬೀಳಲಿಲ್ಲ.

ನಿಮ್ಮ ಅಪ್ಪ ಅಮ್ಮನೂ ಮಕ್ಕಳ ಮನೆಗೆಂದು ಹೋಗಿ ಹೀಗೊಂದು ಪ್ರವಾಸ ಹೊರಡಬಹುದು. ಸಿಪ್ಯಾಪ್‌ನ ಚಾರ್ಜರ್ ಇಟ್ಟಿಗೆಯ ಮೇಲೆ 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಪಿನ್ ಬದಲಿಸುವ ಸಣ್ಣ ಅಡಾಪ್ಟರ್ ಸಾಕು. ಇಲ್ಲಿಂದ ಒಯ್ದ 1,500 ವ್ಯಾಟಿನ ಕೆಟಲ್‌ಗೆ ಅದೇ ಅಡಾಪ್ಟರ್ ಹಾಕಿದರೆ, 120 ವೋಲ್ಟಿನಲ್ಲಿ ಸಿಗುವುದು ಸುಮಾರು 400 ವ್ಯಾಟ್. ಕಾಫಿಗೆ ಕಾಯುತ್ತ ಕೂರಬೇಕು. ಆರ್‌ವಿಯನ್ನು ನೆಂಟರ ಮನೆಯ ಮುಂದೆ ನಿಲ್ಲಿಸುವುದಾದರೆ, ಅದಕ್ಕೆಂದು ಹೊಸದಾಗಿ ಹಾಕಿಸಿದ 30 ಆಂಪ್ ಸಾಕೆಟ್‌ನ ವೋಲ್ಟೇಜ್ ಅಳೆಯದೆ ಸಿಕ್ಕಿಸಬೇಡಿ. ಬಟ್ಟೆ ಒಣಗಿಸುವ ಯಂತ್ರದ ಹಳೆಯ 30 ಆಂಪ್ ಸಾಕೆಟ್ಟೂ ಮೂರು ಕಂಡಿಯದೇ. ಅದೇ ಎಂದುಕೊಂಡು ಇದಕ್ಕೂ 240 ವೋಲ್ಟ್ ಕೊಟ್ಟುಬಿಡುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಪಿನ್ನು ಸಲೀಸಾಗಿ ಕೂರುತ್ತದೆ, ಒಳಗಿನ ಸಾಮಾನು ಸುಟ್ಟುಹೋಗುತ್ತದೆ.