ನಾವು ಮರೆತ ನೆರೆಹೊರೆಯವರು

ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಶಿವಾರಪಟ್ಟಣಕ್ಕೆ ನೀವು ಹೋದರೆ ಮೊದಲು ಕಿವಿಗೆ ಬೀಳುವುದು ಉಳಿಯ ಸದ್ದು. ತಲೆತಲಾಂತರದಿಂದ ಕಲ್ಲು ಕೆತ್ತುವ, ಲೋಹದ ಎರಕ ಹೊಯ್ಯುವ ಶಿಲ್ಪಿ ಕುಟುಂಬಗಳ ಊರಿದು. ಅಪ್ಪನ ಕೈ ನೋಡಿ ಮಗ ಕಲಿತ ವಿದ್ಯೆ. ಇಲ್ಲಿನ ಮೂರ್ತಿಗಳು ದೂರದೂರದ ದೇವಸ್ಥಾನಗಳಿಗೆ ಹೋಗುತ್ತವೆ. ಅವು ನಮ್ಮ ವಿಶ್ವಾಸಕ್ಕೆ ಸೇರಿದವಲ್ಲ, ನಿಜ. ಆದರೆ ಬೆವರು ಸುರಿಸಿ ದುಡಿಯುವ ಕೈಯನ್ನು ಗೌರವಿಸಲು ಅದು ಅಡ್ಡಿಯಾಗಬಾರದು.

ಒಂದು ಸಮುದಾಯವನ್ನು ಅರಿಯಬೇಕಾದರೆ ಮೂರು ವಿಷಯಗಳನ್ನು ನೋಡಬೇಕು. ಅವರ ಕೈಕೆಲಸ, ಅವರ ದಾನಧರ್ಮ ಮತ್ತು ತಮ್ಮಲ್ಲಿ ಅಗಲಿದವರನ್ನು ಅವರು ನೆನೆಯುವ ರೀತಿ. ಶಿವಾರಪಟ್ಟಣದಲ್ಲಿ ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಉಳಿಯ ಸದ್ದು ನಿಂತಿಲ್ಲ. ಆದರೆ ಮಕ್ಕಳೆಲ್ಲ ಊರು ಬಿಟ್ಟು ಹೋದ ಸಮುದಾಯದ ಗತಿಯೇನು? ಅವರ ನೆನಪನ್ನು ಕಾಯುವವರು ಯಾರು? ಮಾಲೂರಿನ ಜನ ದುಡಿಮೆಗಾಗಿ ರೈಲು ಹತ್ತಿ ಹೋಗುವ ಬೆಂಗಳೂರಿನಲ್ಲೇ ಅಂತಹ ಒಂದು ಸಮುದಾಯ ಬಾಳಿತ್ತು. ಅವರು ಯಹೂದಿಗಳು.

ಸಹೋದರಿಯರೇ, ಈ ಹೆಸರು ಕೇಳಿದೊಡನೆ ನಿಮ್ಮ ಮನಸ್ಸಿಗೆ ಗಾಝಾದ ಮಕ್ಕಳ ಮುಖ ಬರಬಹುದು. ಆ ದೌರ್ಜನ್ಯವನ್ನು ಖಂಡಿಸಲೇಬೇಕು. ಅದನ್ನು ಖಂಡಿಸಿ ಬೀದಿಗಿಳಿದವರಲ್ಲಿ ಯಹೂದಿಗಳೂ ಇದ್ದಾರೆ ಎಂಬುದನ್ನು ಮರೆಯಬಾರದು. ಒಂದು ಸರಕಾರದ ಪಾಪವನ್ನು ಒಂದು ಇಡೀ ಜನಾಂಗದ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಾಗೆ ಕಟ್ಟಿದಾಗ ಆಗುವ ನೋವು ಏನೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಬೆಂಗಳೂರಿನ ಯಹೂದಿಗಳು ಎಂದೂ ದೊಡ್ಡ ಸಂಖ್ಯೆಯಲ್ಲಿರಲಿಲ್ಲ. ಸೈನ್ಯದಲ್ಲಿದ್ದವರು ಕೆಲವರು, ವ್ಯಾಪಾರಕ್ಕೆ ಬಂದವರು ಕೆಲವರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ರೂಬಿನ್ ಮೋಸೆಸ್ ಅವರ ಪಾದರಕ್ಷೆಯ ಅಂಗಡಿ ಹೆಸರುವಾಸಿಯಾಗಿತ್ತು. ಪ್ರಾರ್ಥನೆಗೆ ಆ ಮನೆತನದವರ ಮನೆಯಲ್ಲೇ ಸೇರುತ್ತಿದ್ದರು. ಮೈಸೂರು ರಸ್ತೆಯಲ್ಲಿ ಅವರದೊಂದು ಪುಟ್ಟ ಸ್ಮಶಾನವಿದೆ. ಅದಕ್ಕೆ ನೂರು ವರ್ಷ ದಾಟಿದೆ. ಅಲ್ಲಿ ನಿಮಗೆ ಪ್ರತಿಮೆಗಳು ಕಾಣಸಿಗಲಾರವು. ಆರಾಧನೆಯಲ್ಲಿ ಮೂರ್ತಿಗೆ ಸ್ಥಳವಿಲ್ಲವೆಂಬ ನಂಬಿಕೆ ಅವರಿಗೂ ಇದೆ. ಆದ್ದರಿಂದ ಅವರ ಕಲೆ ನಮ್ಮದರಂತೆಯೇ ಅಕ್ಷರದಲ್ಲಿ, ಸೂಜಿದಾರದಲ್ಲಿ, ಕಟ್ಟಡದಲ್ಲಿ ಅರಳಿತು.

ಕಟ್ಟಡವೆಂದಾಗ ಒಬ್ಬರನ್ನು ನೆನೆಯಲೇಬೇಕು. ಬರ್ಲಿನ್‌ನ ಒಟ್ಟೋ ಕೋನಿಗ್ಸ್‌ಬರ್ಗರ್. ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ನಾಝಿ ಆಡಳಿತದಲ್ಲಿ ಕೆಲಸ ಕಳಕೊಂಡರು. 1939ರಲ್ಲಿ ಮೈಸೂರು ಸಂಸ್ಥಾನ ಅವರಿಗೆ ವಾಸ್ತುಶಿಲ್ಪಿಯ ಹುದ್ದೆ ಕೊಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವರು ಹಾಕಿದ ನಕ್ಷೆಯವು. ಮುಂದೆ 1948ರಿಂದ ಭಾರತ ಸರಕಾರದ ವಸತಿ ನಿರ್ದೇಶಕರಾಗಿ, ದೇಶ ವಿಭಜನೆಯಲ್ಲಿ ಮನೆಮಠ ಕಳಕೊಂಡವರಿಗೆ ನೆಲೆ ಒದಗಿಸುವ ಕೆಲಸಕ್ಕೆ ನಿಂತರು. ಸ್ವತಃ ನಿರಾಶ್ರಿತನಾದವನು ನಿರಾಶ್ರಿತರಿಗೆ ಸೂರು ಕಟ್ಟಲು ಹೊರಟದ್ದು ಎಂತಹ ಸೇವೆ!

ನಾವು ಸದಕಾ ಎನ್ನುತ್ತೇವೆ, ಅವರು ತ್ಸೆದಾಕಾ ಎನ್ನುತ್ತಾರೆ. ಎರಡೂ ಒಂದೇ ಬೇರಿನ ಪದಗಳು. ಬಗ್ದಾದಿನಿಂದ 1832ರಲ್ಲಿ ಮುಂಬೈಗೆ ಬಂದ ಡೇವಿಡ್ ಸಸೂನ್ ಮನೆತನ ವ್ಯಾಪಾರದಲ್ಲಿ ಗಳಿಸಿದ್ದರಲ್ಲಿ ಶಾಲೆ, ಗ್ರಂಥಾಲಯಗಳಿಗೆ ಕೊಟ್ಟಿತು. 1867ರಲ್ಲಿ ತೆರೆದ ಪುಣೆಯ ಸಸೂನ್ ಆಸ್ಪತ್ರೆ ಇಂದಿಗೂ ಜಾತಿಮತ ಕೇಳದೆ ಬಡವರಿಗೆ ಮದ್ದು ಕೊಡುತ್ತಿದೆ. ಕೊಲ್ಕತಾದಲ್ಲಿ ಯಹೂದಿ ಹುಡುಗಿಯರಿಗಾಗಿ 1881ರಲ್ಲಿ ಆರಂಭವಾದ ಶಾಲೆಯಲ್ಲಿ ಈಗ ಓದುವವರಲ್ಲಿ ಹೆಚ್ಚಿನವರು ಮುಸ್ಲಿಮ್ ಹೆಣ್ಮಕ್ಕಳು. ಅಲ್ಲಿನ ಯಹೂದಿ ಪ್ರಾರ್ಥನಾ ಮಂದಿರಗಳನ್ನು ಗುಡಿಸಿ, ಒರೆಸಿ, ದೀಪ ನೋಡಿಕೊಂಡು ಬಂದವರೂ ಮುಸ್ಲಿಮರೇ.

ಕೊಂಕಣ ಕರಾವಳಿಯ ಬೆನೆ ಇಸ್ರಾಯೀಲ್ ಯಹೂದಿಗಳ ಮನೆಯಲ್ಲಿ ಹರಕೆ ತೀರಿದಾಗ, ಶುಭಕಾರ್ಯ ನಡೆದಾಗ ಮಲೀದಾ ಮಾಡುತ್ತಾರೆ. ಹೌದು, ಅದೇ ಹೆಸರು! ನಮ್ಮ ಮಲೀದಾ ರೊಟ್ಟಿ ಪುಡಿ ಮಾಡಿ ಬೆಲ್ಲ ತುಪ್ಪ ಬೆರೆಸಿದ್ದು. ಅವರದು ಅವಲಕ್ಕಿಗೆ ಸಿಹಿ, ತೆಂಗಿನತುರಿ ಬೆರೆಸಿ, ಹಣ್ಣುಗಳ ಜೊತೆ ತಟ್ಟೆಯಲ್ಲಿಟ್ಟು ಹಂಚುವುದು. ಅದನ್ನು ಅವರು ಮಾಡುವುದು ಪ್ರವಾದಿ ಇಲ್ಯಾಸ್‌ರ(ಅ) ನೆನಪಿನಲ್ಲಿ.

ಮರಣದಲ್ಲಂತೂ ಸಾಮ್ಯ ಇನ್ನೂ ಹತ್ತಿರದ್ದು. ಮಯ್ಯಿತನ್ನು ಸಮುದಾಯದವರೇ ಸ್ನಾನ ಮಾಡಿಸಿ, ಬಡವ ಬಲ್ಲಿದ ಭೇದವಿಲ್ಲದೆ ಸರಳ ಬಿಳಿ ಬಟ್ಟೆ ತೊಡಿಸಿ, ತಡಮಾಡದೆ ದಫನ ಮಾಡುತ್ತಾರೆ. ಹೆಣ್ಣಿಗೆ ಹೆಣ್ಣುಮಕ್ಕಳೇ ಈ ಸೇವೆ ಮಾಡುತ್ತಾರೆ. ಸತ್ತವರಿಂದ ಪ್ರತಿಫಲ ಸಿಗದು, ಆದ್ದರಿಂದ ಇದು ಅತ್ಯಂತ ನಿಷ್ಕಳಂಕ ಉಪಕಾರವೆಂದು ಅವರ ನಂಬಿಕೆ. ವರ್ಷ ತುಂಬಿದ ದಿನ ಮನೆಯಲ್ಲಿ ದೀಪ ಹಚ್ಚಿ ದಾನ ಕೊಡುತ್ತಾರೆ. ಸಮಾಧಿಗೆ ಹೋದವರು ಹೂವಿನ ಬದಲು ಒಂದು ಸಣ್ಣ ಕಲ್ಲನ್ನಿಟ್ಟು ಬರುತ್ತಾರೆ. ಹೂವು ಬಾಡುತ್ತದೆ, ಕಲ್ಲು ಉಳಿಯುತ್ತದೆ. ಶಿವಾರಪಟ್ಟಣದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೊಚ್ಚಿಯ ಮಟ್ಟಾಂಚೇರಿಗೆ ಬನ್ನಿ. 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗಿನ ಬೀದಿಯಲ್ಲಿ ಸಾರಾ ಕೊಹೆನ್ ಎಂಬ ವೃದ್ಧೆ ಕಸೂತಿಯ ಅಂಗಡಿ ಇಟ್ಟಿದ್ದರು. ಪ್ರಾರ್ಥನೆಯ ಟೋಪಿ, ಸಬ್ಬತ್ತಿನ ರೊಟ್ಟಿ ಮುಚ್ಚುವ ಬಟ್ಟೆಗಳಿಗೆ ಅವರ ಕೈಯ ಹೊಲಿಗೆ. ಅದೇ ಬೀದಿಯಲ್ಲಿ ಅಂಚೆ ಕಾರ್ಡು ಮಾರುತ್ತಿದ್ದ ತಾಹಾ ಇಬ್ರಾಹೀಮ್ ಎಂಬ ಹುಡುಗನನ್ನು ಆ ದಂಪತಿ ಹಚ್ಚಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಸಾರಾರನ್ನು ಕೊನೆಯವರೆಗೆ ನೋಡಿಕೊಂಡವರು ತಾಹಾ. 2019ರ ಆಗಸ್ಟ್‌ನಲ್ಲಿ, 96ರ ವಯಸ್ಸಿನಲ್ಲಿ ಅವರು ಅಗಲಿದರು. ತಾಹಾ ಆ ಅಂಗಡಿಯನ್ನು ಮುಚ್ಚಲಿಲ್ಲ. ಅವರ ನೆನಪಿನ ತಾಣವಾಗಿ ಉಳಿಸಿಕೊಂಡರು.

ಯಹೂದಿಯೊಬ್ಬನ ಶವಯಾತ್ರೆ ಹಾದುಹೋದಾಗ ನಮ್ಮ ಪ್ರವಾದಿ(ಸ) ಎದ್ದು ನಿಂತರು, ಅದೂ ಒಂದು ಜೀವವೇ ಅಲ್ಲವೇ ಎಂದು ಜೊತೆಗಿದ್ದವರನ್ನು ಕೇಳಿದರು ಎಂಬ ಹದೀಸನ್ನು ನೀವೆಲ್ಲ ಕೇಳಿದ್ದೀರಿ. ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ತಾಹಾ ಅದನ್ನು ಬದುಕಿ ತೋರಿಸಿದರು. ನಿಮ್ಮ ಬೀದಿಯಲ್ಲೂ ಮಕ್ಕಳು ದೂರ ಹೋಗಿ ಒಂಟಿಯಾದ ಅಜ್ಜಿಯೊಬ್ಬರು ಇರಬಹುದು. ಅವರು ಯಾವ ಧರ್ಮದವರಾದರೇನು? ಇಂದು ಸಂಜೆ ಮಕ್ಕಳನ್ನು ಕರೆದುಕೊಂಡು ಒಮ್ಮೆ ಅವರ ಬಾಗಿಲು ತಟ್ಟಿ ಬನ್ನಿ.